ಎರಡು ಪರೀಕ್ಷೆ, ಒಂದೇ ನೋಟ್‌ಬುಕ್: ಯುಪಿಎಸ್‌ಸಿ ಮತ್ತು ಕೆಎಎಸ್ ಒಟ್ಟಿಗೆ ಬರೆದ ನನ್ನ ಅನುಭವ

ಎರಡು ದೋಣಿ ಮೇಲೆ ಕಾಲಿಟ್ಟವನ ಗಾದೆಯನ್ನು ಬೆಂಗಳೂರಿನ ವಿಜಯನಗರದ ಪಿಜಿಗಳಲ್ಲಿ ನನ್ನಷ್ಟು ಸಲ ಕೇಳಿಸಿಕೊಂಡವರು ಕಡಿಮೆ. ರೂಮ್‌ಮೇಟ್ ರಾಯಚೂರಿನವನು. ತಟ್ಟೆ ಮುಂದೆ ಕೂತ ತಕ್ಷಣ "ಐಎಎಸ್ಸೂ ಬೇಕಂತ, ಕೆಎಎಸ್ಸೂ ಬೇಕಂತ, ನೋಡ್ರಪಾ ಇವನ್ನ" ಅಂತ ಶುರು ಮಾಡುತ್ತಿದ್ದ. ಕೋಚಿಂಗ್‌ನಲ್ಲಿ ಪಾಠ ಮಾಡುವ ಮೇಷ್ಟ್ರೊಬ್ಬರು ಇಡೀ ಕ್ಲಾಸಿನ ಎದುರು "ಮೊದಲು ಒಂದನ್ನು ಬಿಡು, ಆಮೇಲೆ ಡೌಟ್ ಕೇಳು" ಅಂದಿದ್ದರು. 2020-21ರ ಸರದಿಯಲ್ಲಿ ನಾನು ಕೇಂದ್ರದ ಯುಪಿಎಸ್‌ಸಿ, ರಾಜ್ಯದ ಕೆಎಎಸ್ ಎರಡರ ಪ್ರಿಲಿಮ್ಸನ್ನೂ (ಉತ್ತರಕ್ಕೆ ಗುರುತು ಹಾಕುವ ಮೊದಲ ಸುತ್ತು) ದಾಟಿದೆ, ಎರಡರ ಮೇನ್ಸನ್ನೂ (ವಿವರವಾಗಿ ಬರೆಯುವ ಎರಡನೇ ಸುತ್ತು) ಬರೆದೆ, ದೆಹಲಿಯ ಸಂದರ್ಶನಕ್ಕೂ ಹೋಗಿ ಬಂದೆ. ಕೊನೆಗೆ ಕೈಗೆ ಸಿಕ್ಕಿದ್ದು ಕೆಎಎಸ್ ಪಟ್ಟಿಯ ಗ್ರೂಪ್ ಬಿ ಹುದ್ದೆ. ಇದ್ದದ್ದೇ 106 ಹುದ್ದೆ ಎಂಬುದನ್ನು ಸ್ವಲ್ಪ ಜಂಬದಿಂದಲೇ ಹೇಳುತ್ತೇನೆ.

ಎರಡನ್ನೂ ಹಿಡಿದದ್ದು ಹುಂಬತನಕ್ಕಲ್ಲ. ಮೊದಲು ಯುಪಿಎಸ್‌ಸಿ ಒಂದನ್ನೇ ನಂಬಿ ದೆಹಲಿಗೆ ಹೋಗಿದ್ದೆ. ಓಲ್ಡ್ ರಾಜೇಂದ್ರ ನಗರದಲ್ಲಿ ಮೂವರು ಸೇರಿ ಹಿಡಿದ ಕಿಟಕಿ ಇಲ್ಲದ ಕೋಣೆಯಲ್ಲಿ ನನ್ನ ಪಾಲೇ ಒಂಬತ್ತು ಸಾವಿರ ಚಿಲ್ಲರೆ. ಕೋಚಿಂಗ್ ಫೀಸು ಒಂದೂಕಾಲು ಲಕ್ಷದ ಹತ್ತಿರ. ಊಟ, ಟೆಸ್ಟ್ ಸೀರೀಸ್, ಜೆರಾಕ್ಸ್ ಎಲ್ಲ ಸೇರಿ ವರ್ಷಕ್ಕೆ ಮೂರು ಲಕ್ಷ ಮೀರಿತು. ಅಪ್ಪ ತಿಪಟೂರು ಮಾರ್ಕೆಟ್ಟಿನಲ್ಲಿ ಆ ವರ್ಷದ ಕೊಬ್ಬರಿ ಹಾಕಿ ಬಂದ ದುಡ್ಡಿನಲ್ಲಿ ಅರ್ಧ ಅಲ್ಲಿಗೇ ಹೋಯಿತು. ಪ್ರಿಲಿಮ್ಸೇ ಆಗಲಿಲ್ಲ. ವಾಪಸ್ ಬಂದು "ಇನ್ನು ಕೆಎಎಸ್ ಮಾತ್ರ" ಅಂತ ಕೂತರೆ ಅಲ್ಲಿ ಪರೀಕ್ಷೆಯೇ ಇಲ್ಲ. 2017ರಲ್ಲಿ ಒಂದು ಅಧಿಸೂಚನೆ ಬಂದಿತ್ತು, ಅದಾದ ಮೇಲಿನದು ಬಂದದ್ದು 2020ರ ಜನವರಿ ಕೊನೆಗೆ. ಒಂದು ಪರೀಕ್ಷೆ ವರ್ಷಕ್ಕೊಮ್ಮೆ ತಪ್ಪದೆ ಬರುತ್ತದೆ, ಇನ್ನೊಂದು ಬಂದಾಗ ಬರುತ್ತದೆ. ಬರದಿರುವುದಕ್ಕೆ ಕಾಯುತ್ತಾ ಕೂತವರ ವಯಸ್ಸು ಹೋಗುವುದನ್ನು ಕಣ್ಣಾರೆ ಕಂಡಿದ್ದೇನೆ.

ಆ ನಡುವಿನ ಕಾಲದಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಸಂಜೆ ಟ್ಯೂಷನ್ ಹೇಳಿದೆ, ತಿಂಗಳಿಗೆ ಹತ್ತು ಸಾವಿರದ ಆಸುಪಾಸು. ಪಿಜಿಗೆ ಆರೂವರೆ, ರೀಡಿಂಗ್ ರೂಮಿಗೆ ಒಂದು, ಉಳಿದದ್ದು ಟೀ ಮತ್ತು ಜೆರಾಕ್ಸ್. ಎರಡನೇ ಸಲ ಕೋಚಿಂಗ್ ಸೇರಲಿಲ್ಲ. ಟೆಸ್ಟ್ ಸೀರೀಸ್ ಮಾತ್ರ ತಗೊಂಡೆ, ಅದೂ ಇಬ್ಬರು ಸೇರಿ.

ಈಗ ವಿಧಾನಕ್ಕೆ ಬರೋಣ. ಎಲ್ಲರೂ ಮಾಡುವುದು ಯುಪಿಎಸ್‌ಸಿಗೊಂದು ನೋಟ್ಸು, ಕೆಎಎಸ್‌ಗೊಂದು ನೋಟ್ಸು. ನಾನೂ ಅದನ್ನೇ ಮಾಡಿ ಎರಡೂ ಮುಗಿಯದೆ ಒದ್ದಾಡಿದ್ದೆ. ಆಮೇಲೆ ಇನ್ನೂರು ಪುಟದ ಲಾಂಗ್ ಬುಕ್ ತಂದು ಎಡಪುಟದಲ್ಲಿ ದೇಶ, ಬಲಪುಟದಲ್ಲಿ ಕರ್ನಾಟಕ ಅಂತ ಬರೆಯತೊಡಗಿದೆ. ಒಂದು ಪುಟ ಹೇಳುತ್ತೇನೆ. ವಿಷಯ ಅಂತರರಾಜ್ಯ ಜಲವಿವಾದ. ಎಡಗಡೆ ಸಂವಿಧಾನದ 262ನೇ ವಿಧಿ, 1956ರ ಜಲವಿವಾದ ಕಾಯ್ದೆ, ನ್ಯಾಯಮಂಡಳಿಗಳು ತಡವಾಗುವುದಕ್ಕೆ ಕಾರಣಗಳು. ಬಲಗಡೆ ಕಾವೇರಿ: 2007ರ ಐತೀರ್ಪಿನಲ್ಲಿ ನಮಗೆ 270 ಟಿಎಂಸಿ, 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು 284.75ಕ್ಕೆ ಏರಿಸಿದ್ದು, ಹೆಚ್ಚಾದ 14.75ರಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗೆ ಎಂದು. ಕೆಎಎಸ್‌ನಲ್ಲಿ ಬಲಪುಟವೇ ಉತ್ತರ, ಎಡಪುಟ ಪೀಠಿಕೆ. ಯುಪಿಎಸ್‌ಸಿಯಲ್ಲಿ ಎಡಪುಟ ಉತ್ತರ, ಬಲಪುಟ ಉದಾಹರಣೆ.

ಇಲ್ಲಿ ನನಗೆ ಹೊಳೆದದ್ದೇ ಬೇರೆ. ಕರ್ನಾಟಕದ ಭಾಗ ಹೆಚ್ಚುವರಿ ಹೊರೆ ಎಂದು ಎಲ್ಲರೂ ಅಳುತ್ತಾರೆ. ಆದರೆ ಯುಪಿಎಸ್‌ಸಿ ಉತ್ತರದಲ್ಲಿ ಎಲ್ಲರ ಕೈಯಲ್ಲೂ ಇರುವುದು ಅದೇ ನಾಲ್ಕು ಸವಕಲು ಉದಾಹರಣೆ. ಪ್ರಾದೇಶಿಕ ಅಸಮತೋಲನ ಅಂದಾಗ ನಾನು ನಂಜುಂಡಪ್ಪ ಸಮಿತಿಯ 2002ರ ವರದಿ, 175ರಲ್ಲಿ 114 ಹಿಂದುಳಿದ ತಾಲೂಕು, ಅದರಲ್ಲಿ ಅತ್ಯಂತ ಹಿಂದುಳಿದವು 39, ಮುಂದೆ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಟ್ಟ 371(ಜೆ) ವಿಧಿ ಅಂತ ಸರಸರ ಇಳಿಸಬಲ್ಲೆ. ಭೂಸುಧಾರಣೆ ಅಂದರೆ 1974ರ ತಿದ್ದುಪಡಿ ಮತ್ತು ಭೂ ನ್ಯಾಯಮಂಡಳಿಗಳು. ಮೀಸಲಾತಿ ಅಂದರೆ ಹಿಂದುಳಿದ ವರ್ಗಗಳ ಹಾವನೂರು ಆಯೋಗ. ಕೆಎಎಸ್‌ಗೆ ಓದಿದ್ದು ಯುಪಿಎಸ್‌ಸಿಗೆ ಸರಕಾಯಿತು. ರಾಜ್ಯದ ಆರ್ಥಿಕ ಸಮೀಕ್ಷೆಯನ್ನು ಪೂರ್ತಿ ಪ್ರಿಂಟ್ ಹಾಕಿಸಿ ದುಡ್ಡು ಸುರಿಯಬೇಡಿ. ನಾನು ಕೃಷಿ, ನೀರಾವರಿ, ಮಾನವ ಅಭಿವೃದ್ಧಿ, ಇನ್ನೊಂದು ಯಾವುದೋ ಅಧ್ಯಾಯ, ಇಷ್ಟೇ ಹಾಕಿಸಿದ್ದು.

ಭಾಷೆಯ ಜಗಳ ಇದಕ್ಕಿಂತ ದೊಡ್ಡದು. ಯುಪಿಎಸ್‌ಸಿ ಇಂಗ್ಲಿಷಿನಲ್ಲಿ, ಕೆಎಎಸ್ ಕನ್ನಡದಲ್ಲಿ ಅಂತ ಮೊದಲು ಹಂಚಿಕೊಂಡಿದ್ದೆ. ಒಂದೇ ಉತ್ತರವನ್ನು ಎರಡು ಭಾಷೆಯಲ್ಲಿ ಅಭ್ಯಾಸ ಮಾಡಿದರೆ ದಿನಕ್ಕೆ ನಾಲ್ಕು ಉತ್ತರದ ಮೇಲೆ ಆಗುತ್ತಿರಲಿಲ್ಲ. ಎರಡು ತಿಂಗಳು ಹೀಗೆ ಹೋಯಿತು. ಕೊನೆಗೆ ಎರಡೂ ಕನ್ನಡದಲ್ಲೇ ಅಂತ ಗಟ್ಟಿ ಮಾಡಿದೆ. ನನ್ನ ಐಚ್ಛಿಕ (ಯುಪಿಎಸ್‌ಸಿ ಮೇನ್ಸ್‌ಗೆ ನಾವೇ ಆರಿಸಿಕೊಳ್ಳುವ ವಿಷಯ) ಹೇಗೂ ಕನ್ನಡ ಸಾಹಿತ್ಯ. ದೊಡ್ಡಪ್ಪನಿಂದ ಹಿಡಿದು ಟೆಸ್ಟ್ ಸೀರೀಸ್‌ನವನವರೆಗೆ ಎಲ್ಲರೂ ತಲೆ ಚಚ್ಚಿಕೊಂಡರು. ಯುಪಿಎಸ್‌ಸಿ ಮೇನ್ಸ್ ಪ್ರಶ್ನೆಪತ್ರಿಕೆ ಹಿಂದಿ ಮತ್ತು ಇಂಗ್ಲಿಷಿನಲ್ಲಷ್ಟೇ ಇರುತ್ತದೆ, ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಬರೆಯುವುದನ್ನು ಕೈಗೆ ರೂಢಿ ಮಾಡಿಸಬೇಕು, ಅಷ್ಟೇ. ಪಾರಿಭಾಷಿಕ ಪದಕ್ಕೆ ಪಕ್ಕದಲ್ಲಿ ಆವರಣದೊಳಗೆ ಇಂಗ್ಲಿಷ್ ಹಾಕಲು ನಿಯಮವೇ ಅವಕಾಶ ಕೊಟ್ಟಿದೆ. ಗಡಿಯಾರ ಇಟ್ಟು ನೋಡಿದ್ದೇನೆ: ಕನ್ನಡದಲ್ಲಿ ಒಂದು ಪದ ಬರೆಯಲು ಹೊತ್ತು ಜಾಸ್ತಿ ಬೇಕು, ಆದರೆ ಪ್ರತ್ಯಯ ಪದಕ್ಕೇ ಅಂಟಿಕೊಳ್ಳುವುದರಿಂದ ಇಂಗ್ಲಿಷಿನ 150 ಪದದ ಸರಕು ಕನ್ನಡದ ನೂರಾಹತ್ತು ಪದದಲ್ಲಿ ಮುಗಿಯುತ್ತದೆ. ಲೆಕ್ಕ ಸಮ.

ಈ ನಡುವೆ ಒಂದೆರಡು ಹುಚ್ಚು ಪ್ರಯೋಗ. ಬಲಪುಟಗಳನ್ನೆಲ್ಲ ನನ್ನದೇ ದನಿಯಲ್ಲಿ ಮೊಬೈಲಿಗೆ ಓದಿ, ಟ್ಯೂಷನ್ನಿಗೆ ಹೋಗುವಾಗ ಬಿಎಂಟಿಸಿ ಬಸ್ಸಿನಲ್ಲಿ ಕೇಳುತ್ತಿದ್ದೆ. ಇಸವಿಗಳು ಚೆನ್ನಾಗಿ ಕೂತವು, ವಾದ ಒಂದೂ ಕೂರಲಿಲ್ಲ. ಪೆನ್ನುಗಳ ಮೇಲೂ ಸಾವಿರ ರೂಪಾಯಿಯಷ್ಟು ಕಳೆದೆ. ಜೆಲ್ ಪೆನ್ನಿನಲ್ಲಿ ಒತ್ತಕ್ಷರ ದುಂಡಗೆ ಬರುತ್ತದೆ, ಮೂರನೇ ಗಂಟೆಗೆ ಅಂಗೈ ಬೆವರಿಗೆ ಎಲ್ಲ ಕಲಸಿಹೋಗುತ್ತದೆ. ಹತ್ತು ರೂಪಾಯಿಯ ಬಾಲ್‌ಪೆನ್ನೇ ಗತಿ. ಬೆಳಗಿನ ಜಾವ ಮೂರಕ್ಕೆ ಏಳುವ ವ್ರತವನ್ನೂ ಹಿಡಿದೆ, ಮಧ್ಯಾಹ್ನ ರೀಡಿಂಗ್ ರೂಮಿನಲ್ಲಿ ಗೊರಕೆ ಹೊಡೆದು ಬೈಸಿಕೊಂಡ ಮೇಲೆ ಬಿಟ್ಟೆ.

ಆ ವರ್ಷದ ದಿನಾಂಕಗಳು ನನಗೆ ಒದಗಿ ಬಂದವು ಎಂಬುದನ್ನು ಮುಚ್ಚಿಡುವುದಿಲ್ಲ. ಕೋವಿಡ್‌ನಿಂದ ಯುಪಿಎಸ್‌ಸಿ ಪ್ರಿಲಿಮ್ಸ್ ಮೇ 31ರಿಂದ ಅಕ್ಟೋಬರ್ 4ಕ್ಕೆ ಹೋಯಿತು, ಕೆಎಎಸ್ ಪ್ರಿಲಿಮ್ಸ್ ಆಗಸ್ಟ್ 24ಕ್ಕೆ ಬಂತು. ಲಾಕ್‌ಡೌನಿನಲ್ಲಿ ಊರಿಗೆ ಹೋಗಿ ಕೂತು ಐಚ್ಛಿಕವನ್ನು ಪೂರ್ತಿ ಮುಗಿಸಿಬಿಟ್ಟೆ. ಕೆಎಎಸ್‌ನಲ್ಲಿ ಐಚ್ಛಿಕವೇ ಇಲ್ಲ, ಹಾಗಾಗಿ ಎರಡು ತಯಾರಿ ನಿಜವಾಗಿ ಬೇರೆಯಾಗುವುದು ಆ 500 ಅಂಕದಲ್ಲಿ. ಅದನ್ನು ಮೊದಲೇ ಮುಗಿಸದವರು ಎರಡಕ್ಕೂ ಕೈ ಹಾಕಬಾರದು. ಯುಪಿಎಸ್‌ಸಿ ಮೇನ್ಸ್ ಜನವರಿ 8ಕ್ಕೆ ಶುರು, ಕೆಎಎಸ್ ಮೇನ್ಸ್ ಫೆಬ್ರವರಿ ಮಧ್ಯಕ್ಕೆ. ನಡುವಿನ ವಾರಗಳಲ್ಲಿ ಎಡಪುಟ ಮುಟ್ಟಲೇ ಇಲ್ಲ.

ಪ್ರಿಲಿಮ್ಸ್‌ನಲ್ಲಿ ಮಾತ್ರ ಎರಡಕ್ಕೂ ಒಂದೇ ತಲೆ ಇಟ್ಟುಕೊಂಡು ಹೋಗಬೇಡಿ. ಯುಪಿಎಸ್‌ಸಿಯಲ್ಲಿ ತಪ್ಪಿಗೆ ಮೂರನೇ ಒಂದು ಭಾಗ ಕಡಿತ, ಕೆಎಎಸ್‌ನಲ್ಲಿ ನಾಲ್ಕನೇ ಒಂದು. ನಾಲ್ಕು ಆಯ್ಕೆಯಲ್ಲಿ ಒಂದಕ್ಕೆ ಕಣ್ಣುಮುಚ್ಚಿ ಗುರುತು ಹಾಕಿದರೆ ಸರಾಸರಿಯಲ್ಲಿ ಯುಪಿಎಸ್‌ಸಿಯಲ್ಲಿ ಲಾಭವೂ ಇಲ್ಲ ನಷ್ಟವೂ ಇಲ್ಲ, ಕೆಎಎಸ್‌ನಲ್ಲಿ ಚೂರು ಲಾಭವೇ. ಅದಕ್ಕೇ ಕೆಎಎಸ್‌ನಲ್ಲಿ ಹೆಚ್ಚುಕಡಿಮೆ ಒಂದನ್ನೂ ಬಿಡಲಿಲ್ಲ, ಯುಪಿಎಸ್‌ಸಿಯಲ್ಲಿ ಒಂದಾದರೂ ಆಯ್ಕೆ ತಪ್ಪೆಂದು ಗೊತ್ತಾದ ಮೇಲೆಯೇ ಮುಟ್ಟಿದೆ. ಯುಪಿಎಸ್‌ಸಿ ಪ್ರಿಲಿಮ್ಸ್‌ನ ಎರಡನೇ ಪತ್ರಿಕೆ ಸಿ-ಸ್ಯಾಟ್‌ನಲ್ಲಿ ಬರೀ 33 ಪರ್ಸೆಂಟ್ ಬಂದರೆ ಸಾಕು ಅಂತ ಅಸಡ್ಡೆ ಮಾಡುವವರಿಗೆ ಇನ್ನೊಂದು ಮಾತು: ಕೆಎಎಸ್ ಎರಡನೇ ಪತ್ರಿಕೆಯಲ್ಲಿ ಮಾನಸಿಕ ಸಾಮರ್ಥ್ಯದ 30 ಪ್ರಶ್ನೆ ಇವೆ, ಆ 60 ಅಂಕ ನೇರ ಮೆರಿಟ್ಟಿಗೆ ಹೋಗುತ್ತದೆ. ಎರಡೇ ಆಯ್ಕೆ ಉಳಿದಾಗ ಯಾವುದಕ್ಕೆ ಗುರುತು ಹಾಕಬೇಕು ಎಂಬುದಕ್ಕೆ ನನ್ನದೊಂದು ಪಟ್ಟು ಇದೆ. ತಂಗಿ ಈ ಸಲ ಬರೆಯುತ್ತಿದ್ದಾಳೆ. ಅವಳದು ಮುಗಿಯಲಿ, ಹೇಳುತ್ತೇನೆ.

ದೆಹಲಿಯ ಸಂದರ್ಶನವನ್ನೂ ಕನ್ನಡದಲ್ಲೇ ಕೊಟ್ಟೆ, ದುಭಾಷಿ ಇರುತ್ತಾರೆ. ಪ್ರಶ್ನೆ ಕೇಳಿದಾಗಲೇ ನಮಗೆ ಅರ್ಥವಾಗಿರುತ್ತದೆ, ಅವರು ಕನ್ನಡದಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಉತ್ತರದ ಮೊದಲ ಸಾಲು ಬಾಯಲ್ಲಿರುತ್ತದೆ. ಅಂತಿಮ ಪಟ್ಟಿ ಇಪ್ಪತ್ತು ಚಿಲ್ಲರೆ ಅಂಕದಲ್ಲಿ ತಪ್ಪಿತು. ಈ ಎರಡನೇ ಸುತ್ತಿಗೆ, ಊರಿನಲ್ಲಿದ್ದ ತಿಂಗಳುಗಳನ್ನು ಬಿಟ್ಟು, ಒಟ್ಟು ಒಂದೂವರೆ ಲಕ್ಷದೊಳಗೆ ಖರ್ಚಾಗಿರಬಹುದು. ನೋಟ್‌ಬುಕ್ ಕೇಳಬೇಡಿ. ಆ ರಾಯಚೂರಿನವನು ತಗೊಂಡು ಹೋಗಿದ್ದಾನೆ, ಈಗ ಅವನೂ ಎರಡೂ ಬರೆಯುತ್ತಿದ್ದಾನಂತೆ.