ಪೆಲೆಟ್ ಒಲೆಯ ಹೊಗೆ ಕೊನೆಗೂ ಹೊರಗೆ ಹೋಯಿತು

ಅಮೆರಿಕದ ಐಡಾಹೊ ರಾಜ್ಯದಲ್ಲಿ ನಾವಿರುವುದು ಕಾರ್ಖಾನೆಯಲ್ಲಿ ಕಟ್ಟಿ, ಉಕ್ಕಿನ ಚಾಸಿಯ ಸಮೇತ ತಂದು ನಿಲ್ಲಿಸಿದ ಮನೆ. ಪೆಲೆಟ್ ಒಲೆ, ಅಂದರೆ ಮರದ ಹೊಟ್ಟಿನ ಗುಳಿಗೆಗಳನ್ನು ಉರಿಸುವ ಒಲೆ, ಹಾಕಿಸಿದ ಮೊದಲ ವಾರವೇ ಒಳಗೆಲ್ಲ ಹೊಗೆಯ ವಾಸನೆ. ಗಾಜಿಗೆ ಮಸಿ ಹಿಡಿಯುತ್ತಿತ್ತು. ಮಗಳಿಗೆ ಉಬ್ಬಸ, ನನಗೆ ನಿದ್ದೆಯೇ ಹತ್ತಲಿಲ್ಲ.

ಒಂದು ರಾತ್ರಿ ಬಚ್ಚಲುಮನೆಯ ಎಕ್ಸಾಸ್ಟ್ ಫ್ಯಾನ್ ಹಾಕಿದೊಡನೆ ಜ್ವಾಲೆ ಮಂಕಾಗಿ ಕೆಂಪಗಾಯಿತು. ಆಗ ಹೊಳೆಯಿತು: ಗಾಳಿ ನುಸುಳದಷ್ಟು ಬಿಗಿಯಾದ ಮನೆಯಲ್ಲಿ ಒಲೆಗೆ ಗಾಳಿ ಸಾಲುತ್ತಿಲ್ಲ. ಇಂಥ ಮನೆಗಳಲ್ಲಿ ಉರಿಗೆ ಬೇಕಾದ ಗಾಳಿ ಹೊರಗಿನಿಂದಲೇ ಬರಬೇಕೆಂಬ ನಿಯಮವಿದೆ. ನಮ್ಮಲ್ಲಿ ಆ ಕೊಳವೆಯನ್ನೇ ಜೋಡಿಸಿರಲಿಲ್ಲ! ಗೋಡೆ ಕೊರೆದು ಲೋಹದ ಕೊಳವೆ ಹಾಕಿ, ಇಲಿ ನುಸುಳದಂತೆ ಬಾಯಿಗೆ ಜಾಲರಿ ಕಟ್ಟಿದೆ. ಜ್ವಾಲೆ ಹಳದಿಯಾಗಿ ಚುರುಕಾಯಿತು.

ವಾಸನೆ ಮಾತ್ರ ಪೂರ್ತಿ ಹೋಗಲಿಲ್ಲ. ಈ ಒಲೆಯಲ್ಲಿ ಫ್ಯಾನು ಹೊಗೆಯನ್ನು ಹೊರಕ್ಕೆ ತಳ್ಳುವುದರಿಂದ ಹೊಗೆ ಕೊಳವೆಯೊಳಗೆ ಒತ್ತಡವಿರುತ್ತದೆ. ಕೂದಲೆಳೆಯಷ್ಟು ಸಂದಿದ್ದರೂ ಸೋರುತ್ತದೆ. ದೀಪ ಆರಿಸಿ, ಒಲೆ ಹೊತ್ತಿಸಿ, ಟಾರ್ಚ್ ಹಿಡಿದು ಕುಳಿತೆ. ಒಲೆಯ ಹಿಂದಿನ 'ಟಿ' ಜೋಡಣೆಯಿಂದ ನೂಲಿನಂತೆ ಹೊಗೆ ಏಳುತ್ತಿತ್ತು. ಮರುದಿನ ಒಲೆ ತಣ್ಣಗಾದ ಮೇಲೆ ಜೋಡಣೆ ಬಿಚ್ಚಿ, ಮಸಿ ಒರೆಸಿ, ಹೆಚ್ಚಿನ ಶಾಖ ತಾಳುವ ಸಿಲಿಕೋನ್ ಹಚ್ಚಿ ಒಣಗಲು ಬಿಟ್ಟೆ.

ಮಲಗುವ ಕೋಣೆಯ ಹೊರಗೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಸೋರಿದರೆ ಎಚ್ಚರಿಸುವ ಅಲಾರಂ ಹಾಕಿದ್ದೇನೆ. ಮಗಳು ಈಗ ಒಲೆಯ ಪಕ್ಕದಲ್ಲೇ ಕುಳಿತು ಓದುತ್ತಾಳೆ.