ತೋಟದ ನೆರಳು, ಓಡುವ ಬಿಸಿಲು: ಕೊಡಗಿನಲ್ಲಿ ನಾವು ಕಿರುಚಿತ್ರ ತೆಗೆದ ಬಗೆ

ಲೈಟುಗಳಿಲ್ಲದೆ ಕಾಫಿ ತೋಟದಲ್ಲಿ ಶೂಟ್ ಮಾಡುವವರಿಗೆ ಮೋಡಕ್ಕಿಂತ ಹೆಚ್ಚು ಕಾಟ ಕೊಡುವುದು ಮರದ ಸಂದಿಯಿಂದ ಇಳಿಯುವ ಬಿಸಿಲಿನ ತುಂಡುಗಳು. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ. ಐವತ್ತು ಅಡಿ ಎತ್ತರದ ಸಿಲ್ವರ್ ಓಕ್ ರೆಂಬೆಗಳ ನಡುವಿನಿಂದ ಬಿದ್ದ ಬಿಸಿಲು ಹತ್ತೇ ನಿಮಿಷದಲ್ಲಿ ಎರಡಡಿ ದಾಟಿರುತ್ತದೆ. ಮೊದಲ ಟೇಕಿನಲ್ಲಿ ಕೆನ್ನೆಯ ಮೇಲಿದ್ದ ಬೆಳಕು ನಾಲ್ಕನೆಯ ಟೇಕಿಗೆ ಹಿಂದಿನ ಗಿಡದ ಮೇಲೆ. ಎಡಿಟಿಂಗಿನಲ್ಲಿ ಇವೆರಡು ಕೂಡುವುದಿಲ್ಲ.

ಹನ್ನೆರಡು ನಿಮಿಷದ ನಮ್ಮ ವಿದ್ಯಾರ್ಥಿ ಚಿತ್ರವನ್ನು ಮಡಿಕೇರಿ ಹತ್ತಿರದ ತೋಟದಲ್ಲಿ ಜನವರಿಯ ನಾಲ್ಕು ದಿನ ತೆಗೆದೆವು. ಆಗ ಮಳೆಯ ಭಯ ಕಡಿಮೆ. ಆದರೆ ಅದು ಕೊಯ್ಲಿನ ಕಾಲವೂ ಹೌದು. ಯಾವ ದಿನ ಯಾವ ಕಡೆ ಹಣ್ಣು ಕೊಯ್ಯುತ್ತಾರೆಂದು ಮೊದಲೇ ಕೇಳಿಟ್ಟುಕೊಳ್ಳಬೇಕು.

ಶೂಟಿಂಗಿನ ಹಿಂದಿನ ದಿನ ಎಲ್ಲ ಜಾಗಗಳಲ್ಲೂ ಬೆಳಿಗ್ಗೆ 8, 10, ಮಧ್ಯಾಹ್ನ 12, 2 ಮತ್ತು 4 ಗಂಟೆಗೆ ಒಂದೇ ಕಡೆ ನಿಂತು ಮೊಬೈಲಿನಲ್ಲಿ ಫೋಟೊ ತೆಗೆದೆವು. ಶಾಟುಗಳ ಸರದಿ ನಿರ್ಧಾರವಾದದ್ದು ಆ ಫೋಟೊಗಳಿಂದಲೇ ಹೊರತು ಚಿತ್ರಕಥೆಯಿಂದಲ್ಲ. ಪ್ರತಿ ದೃಶ್ಯದಲ್ಲೂ ಲಾಂಗ್ ಶಾಟ್ ಮೊದಲು, ಕ್ಲೋಸಪ್ ಕೊನೆಗೆ. ಅರ್ಧ ಎಕರೆಗೆ ಬೆಳಕು ಕೊಡಲು ನಮ್ಮಿಂದಾಗದು. ಒಂದು ಮುಖಕ್ಕೆ ಬೆಳಕು ಪುಟಿಸಲು ಬಿಳಿ ಥರ್ಮಾಕೋಲ್ ಹಾಳೆ ಸಾಕು.

ಇಡೀ ಕೆಲಸವನ್ನು ಉಳಿಸಿದ ತೀರ್ಮಾನ ಒಂದೇ: ಮಾತಿರುವ ದೃಶ್ಯಗಳೆಲ್ಲ ನೆರಳಿನಲ್ಲಿ. ಬಿಸಿಲನ್ನು ನೆರಳು ಮಾಡಬಹುದು, ದೊಡ್ಡ ಲೈಟಿಲ್ಲದೆ ನೆರಳನ್ನು ಬಿಸಿಲು ಮಾಡಲಾಗದು. ಆರಡಿ ಚೌಕದ ಬಿದಿರು ಚೌಕಟ್ಟಿಗೆ ಬಿಳಿ ಮಲ್ ಬಟ್ಟೆ ಬಿಗಿದು ನಟರ ತಲೆಯ ಮೇಲೆ ಹಿಡಿದೆವು. ಬೆಳಕು ಸುಮಾರು ಒಂದೂವರೆ ಸ್ಟಾಪ್ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧವಾಗುತ್ತದೆ) ಇಳಿದು ಮೃದುವಾಯಿತು. ಆದರೆ ಬಟ್ಟೆ ಕಾಪಾಡುವುದು ಮುಖವನ್ನು ಮಾತ್ರ. ಹಿಂದೆ ಬಿಸಿಲು ಬಿದ್ದ, ಕಾಫಿ ಒಣಗಿಸುವ ಕಣವಿದ್ದರೆ ಅದು ಬೆಳ್ಳಗೆ ಸುಟ್ಟು ಹೋಗುತ್ತದೆ. ಮೊದಲ ದಿನದ ಎರಡು ಶಾಟು ಹೀಗೆಯೇ ಕೆಟ್ಟವು. ಆಮೇಲೆ ಹಿನ್ನೆಲೆಯೂ ನೆರಳಿನಲ್ಲೇ ಇರುವ ಕೋನವನ್ನು ಮೊದಲು ಹುಡುಕಿ, ನಟರನ್ನು ಅಲ್ಲಿಗೆ ತಂದು ನಿಲ್ಲಿಸಿದೆವು.

ಇನ್ನೊಂದು ತೊಂದರೆ ಹಸಿರು. ಪಕ್ಕದ ಕಾಫಿ ಗಿಡಗಳಿಂದ ಪುಟಿದ ಬೆಳಕು ಗಲ್ಲದ ಕೆಳಗೆ ಹಸಿರು ಬಳಿಯುತ್ತದೆ. ಸ್ಥಳದಲ್ಲಿ ಕಣ್ಣಿಗೆ ಬೀಳುವುದಿಲ್ಲ, ಆಮೇಲೆ ಬಣ್ಣ ತಿದ್ದಲು ಕೂತಾಗ ಚರ್ಮ ಕಾಯಿಲೆ ಬಿದ್ದಂತೆ ಕಾಣುತ್ತದೆ. ಗಿಡದ ಕಡೆ ಕಪ್ಪು ಬಟ್ಟೆ ಇಳಿಬಿಟ್ಟು, ಎದುರು ಬದಿಗೆ ಥರ್ಮಾಕೋಲ್ ಇಟ್ಟರೆ ಬಹುಪಾಲು ಹೋಗುತ್ತದೆ. ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣ ಹೊಂದಿಸುವ ವೈಟ್ ಬ್ಯಾಲೆನ್ಸನ್ನು ಆಟೋದಲ್ಲಿ ಬಿಡಲೇಬಾರದು. ಜಾಗ ಬದಲಾದಾಗಲೆಲ್ಲ ಗ್ರೇ ಕಾರ್ಡ್ (ಬಣ್ಣದ ಅಳತೆಗೆಂದು ಬಳಸುವ ಬೂದು ರಟ್ಟು) ಹಿಡಿದು ಹೊಂದಿಸಿ, ಅದನ್ನೇ ಐದು ಸೆಕೆಂಡ್ ರೆಕಾರ್ಡ್ ಮಾಡಿಕೊಂಡೆವು.

ಕ್ಯಾಮೆರಾ ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡ್, ಅಪರ್ಚರ್ (ಲೆನ್ಸಿನ ಕಿಂಡಿಯ ಅಳತೆ) ಎಫ್/4. ಹಗಲೆಲ್ಲ ಇವು ಅಲುಗಲಿಲ್ಲ. ಬೆಳಕು ಹೆಚ್ಚಾದರೆ ಎನ್‌ಡಿ ಫಿಲ್ಟರ್ ಮಾತ್ರ, ಅಂದರೆ ಬಣ್ಣ ಕೆಡಿಸದೆ ಬೆಳಕು ತಗ್ಗಿಸುವ ಕಪ್ಪು ಗಾಜು. ಅಪರ್ಚರ್ ಮುಟ್ಟಿದರೆ ಹಿನ್ನೆಲೆಯ ಮಸುಕು ಶಾಟಿನಿಂದ ಶಾಟಿಗೆ ಬದಲಾಗುತ್ತದೆ. ತಿರುಗಿಸುವ ಅಗ್ಗದ ಎನ್‌ಡಿ ವೈಡ್ ಲೆನ್ಸಿನಲ್ಲಿ ಅಡ್ಡಡ್ಡ ಕಪ್ಪು ಪಟ್ಟೆ ಬಿಡುತ್ತದೆ. ಮೂರು ಮತ್ತು ಆರು ಸ್ಟಾಪಿನ ಎರಡು ಬಿಡಿ ಫಿಲ್ಟರೇ ವಾಸಿ.

ಬೆಳಗಿನ ಮಂಜು ಯಾವಾಗ ಕರಗುತ್ತದೆಂದು ಹೇಳಲಾಗದು. ಹಾಗಾಗಿ ಆ ದೃಶ್ಯವನ್ನು ಒಂದೇ ಶಾಟಿನಲ್ಲಿ ಮುಗಿಯುವಂತೆ ಬರೆದುಕೊಂಡೆವು. ಕ್ಯಾಮೆರಾದ ಬೆಳಕಿನ ಮೀಟರ್ ಬಿಳಿ ಮಂಜನ್ನು ಬೂದಿ ಬಣ್ಣಕ್ಕಿಳಿಸುತ್ತದೆ; ಮುಕ್ಕಾಲು ಸ್ಟಾಪ್ ಹೆಚ್ಚು ಕೊಡಬೇಕು. ಆಟೋಫೋಕಸ್ ತಡಕಾಡುತ್ತದೆ, ಕೈಯಲ್ಲೇ ಫೋಕಸ್ ಮಾಡಿ. ಚಳಿಯಲ್ಲಿದ್ದ ಕ್ಯಾಮೆರಾವನ್ನು ನೇರ ಒಲೆ ಉರಿಯುವ ಅಡುಗೆಮನೆಗೆ ಒಯ್ದರೆ ಲೆನ್ಸಿನ ಮೇಲೆ ಹನಿ ಕಟ್ಟುತ್ತದೆ. ಬ್ಯಾಗಿನ ಜಿಪ್ ಮುಚ್ಚಿಯೇ ಅರ್ಧ ಗಂಟೆ ಒಳಗಿಡಿ.

ಸಂಜೆಗೆ ಪಂಚಾಂಗದ ಸಮಯ ನಂಬಬೇಡಿ. ಕಣಿವೆಯಲ್ಲಿ ಸೂರ್ಯ ಮುಳುಗುವ ಮುಂಚೆಯೇ ಬೆಟ್ಟದ ಹಿಂದೆ ಮರೆಯಾಗುತ್ತಾನೆ. ಮುಳುಗಿದ ಮೇಲೆ ಬೆಳಕು ಮೂರ್ನಾಲ್ಕು ನಿಮಿಷಕ್ಕೆ ಒಂದು ಸ್ಟಾಪಿನಂತೆ ಇಳಿಯುತ್ತದೆ. ನಮಗೆ ದಕ್ಕಿದ್ದು ಮೂರು ಟೇಕ್. ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಪ್ರಮಾಣ) ಏರಿಸಿದ್ದು ಟೇಕುಗಳ ನಡುವೆ ಮಾತ್ರ. ಉಳಿದ ಕ್ಲೋಸಪ್ಪನ್ನು ಮರುದಿನ ಅದೇ ನಿಮಿಷಕ್ಕೆ, ಅದೇ ಮರದ ಕೆಳಗೆ ತೆಗೆದೆವು.