ಹೆಸರು ಬದಲಿಸಿ ನೋಡಿ: ಹೆಣ್ಣಿನ ದನಿಯಲ್ಲಿ ಪ್ರೀತಿಯ ಕವಿತೆ ಬರೆಯುವ ಬಗೆ

ನನ್ನ ಮೊದಲ ಪ್ರೇಮಕವಿತೆ ಎರಡೇ ಸಾಲಿನದು. ಅದನ್ನು ಹೇಳಿದ್ದು ನೂರು ಜನರ ಮುಂದೆ, ಗಂಡನ ಮನೆಯ ಹೊಸ್ತಿಲಲ್ಲಿ ನಿಂತು. ನಮ್ಮ ಗದಗ, ಹುಬ್ಬಳ್ಳಿ ಕಡೆ ಮದುವೆಯಲ್ಲಿ ಒಡಪು ಹೇಳಿಸುವುದು ಗೊತ್ತಲ್ವಾ? ಗಂಡನ ಹೆಸರನ್ನು ಸುಮ್ನೆ ಹೇಳುವ ಹಾಗಿಲ್ಲ, ಪ್ರಾಸದೊಳಗೆ ಇಟ್ಟು ಹೇಳಬೇಕು. ನಾದಿನಿಯರು ಬಾಗಿಲಿಗೆ ಅಡ್ಡ ನಿಂತು "ಹೆಸರ ಹೇಳು, ಇಲ್ಲಂದ್ರ ಒಳಗ ಬಿಡೂದಿಲ್ಲ" ಅಂದರು. ಸೋದರತ್ತೆ ಕಲಿಸಿದ್ದನ್ನು ನಾನು ಒಪ್ಪಿಸಿದೆ:

ಬೆಳ್ಳಿ ಬಟ್ಟಲದಾಗ ಕೇಸರಿ ಹಾಲ,
ಇಂಥವರ ಹೆಸರ ಹೇಳೀನಿ, ಬಿಡ್ರಿ ಬಾಗಿಲ.

"ಇಂಥವರ" ಅಂತಿರುವ ಕಡೆ ನಮ್ಮ ಮನೆಯವರ ಹೆಸರಿತ್ತು. ಎಲ್ಲರೂ ನಕ್ಕರು, ಬಾಗಿಲು ಬಿಟ್ಟರು. ಎರಡು ವರ್ಷ ಕಳೆದು ನನ್ನ ಚಿಕ್ಕಪ್ಪನ ಮಗಳ ಮದುವೆಯಾಯಿತು. ಅವಳೂ ಅದೇ ಒಡಪು ಹೇಳಿದಳು. ಅದೇ ಬಟ್ಟಲು, ಅದೇ ಹಾಲು, ಹೆಸರು ಮಾತ್ರ ಬೇರೆ. ಬೆಳ್ಳಿ ಬಟ್ಟಲು ಅವಳ ಮನೆಯಲ್ಲೂ ಇರಲಿಲ್ಲ, ನಮ್ಮ ಮನೆಯಲ್ಲೂ ಇರಲಿಲ್ಲ.

ಕವಿತೆ ಬರೆಯಲು ಕೂತ ಮೇಲೆ ಈ ಒಡಪು ನನಗೆ ದೊಡ್ಡ ಉಪಕಾರ ಮಾಡಿತು. ಬ್ಯಾಂಕಿಗೆ ರಜೆ ಇರುವ ಎರಡನೇ ಶನಿವಾರ ನಮ್ಮ ಮನೆಯಲ್ಲಿ ಏಳೆಂಟು ಹೆಂಗಸರು ಸೇರುತ್ತೇವೆ. ಬರೆದದ್ದನ್ನು ಓದುತ್ತೇವೆ, ಚಹಾ ಕುಡಿಯುತ್ತೇವೆ. ಹೊಸದಾಗಿ ಬಂದವರಿಗೆ ನಾನು ಮೊದಲು ಹೇಳುವುದು ಇಷ್ಟೇ: ನಿಮ್ಮ ಕವಿತೆಯಲ್ಲಿರುವ ಅವನ ಜಾಗಕ್ಕೆ ಪಕ್ಕದ ಮನೆಯವನನ್ನು ತಂದು ಕೂರಿಸಿ. ಕವಿತೆಗೆ ಏನೂ ತೊಂದರೆ ಆಗದಿದ್ದರೆ ಅದು ಇನ್ನೂ ನಿಮ್ಮ ಕವಿತೆ ಆಗಿಲ್ಲ.

ಮೊದಲು ಪಟ್ಟಿ, ಆಮೇಲೆ ಕವಿತೆ

ಒಂದು ವಾರ ಕವಿತೆ ಬರೆಯಬೇಡಿ. ಹಳೆಯ ನೋಟ್‌ಬುಕ್ಕಿನಲ್ಲಿ ಆ ಮನುಷ್ಯ ಮುಟ್ಟಿದ, ಇಟ್ಟು ಹೋದ, ಮರೆತ ವಸ್ತುಗಳ ಪಟ್ಟಿ ಮಾಡಿ. ಭಾವನೆ ಬರೆಯಬೇಡಿ, ವಸ್ತು ಮಾತ್ರ. ಬಿಟ್ಟು ಹೋದವನ ಬಗ್ಗೆ ಬರೆಯುತ್ತಿದ್ದರೆ ಅವನು ಬಿಟ್ಟು ಹೋದದ್ದು ಯಾವುದು, ಒಯ್ದದ್ದು ಯಾವುದು ಅಂತ ಬರೆಯಿರಿ.

ನಮ್ಮ ಮನೆಯವರದು ಔಷಧ ಕಂಪನಿಯೊಂದರ ಕೆಲಸ. ಸೋಮವಾರ ಬೆಳಗ್ಗೆ ಹೊರಟರೆ ಶನಿವಾರ ರಾತ್ರಿ ಬರುತ್ತಾರೆ. ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟುತ್ತೇನೆ. ಐದಾರು ದಿನ ಕೆಡುವುದಿಲ್ಲ. ನನ್ನ ಮೊದಲ ಪಟ್ಟಿಯಲ್ಲಿ ಇದ್ದದ್ದು ಇವು: ಹಿಡಿಕೆ ಹರಿದ ಬ್ಯಾಗು, ಮೂರು ಊರಿನ ಬಸ್ ಟಿಕೆಟ್ಟು, ಮಾತ್ರೆಯ ಖಾಲಿ ಸ್ಟ್ರಿಪ್ಪು, ನನ್ನ ಬಾಚಣಿಗೆ (ತಮ್ಮದನ್ನು ಎಲ್ಲೋ ಮರೆತು ನನ್ನದನ್ನು ಒಯ್ದಿದ್ದರು), ತೊಳೆದ ಬುತ್ತಿ ಡಬ್ಬಿ. ಕೊನೆಯದರ ಮುಂದೆ "ಸೋಪಿನ ವಾಸನೆ" ಅಂತ ಬರೆದಿದ್ದೆ. ಯಾಕೆ ಬರೆದೆ ಅಂತ ಆಗ ನನಗೂ ಗೊತ್ತಿರಲಿಲ್ಲ.

ಹೀಗೆ ಕಾರಣ ಹೇಳಲಾಗದೆ ಬರೆದದ್ದರ ಕೆಳಗೆ ಗೆರೆ ಎಳೆಯಿರಿ. ಕವಿತೆ ಜಾಸ್ತಿ ಸಲ ಅಲ್ಲೇ ಇರುತ್ತದೆ.

ಅವರನ್ನು ಏನಂತ ಕರೆಯುತ್ತೀರಿ?

ಎಲ್ಲರೂ ಎಡವುವ ಜಾಗ ಇದು, ಅದಕ್ಕೇ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಇಪ್ಪತ್ತು ವರ್ಷದಿಂದ ಗಂಡನನ್ನು "ರೀ" ಅಂತ ಕರೆದವಳು ಕವಿತೆಯಲ್ಲಿ ಒಮ್ಮೆಲೇ "ನೀನು" ಅಂದುಬಿಡುತ್ತಾಳೆ. ಓದಿದರೆ ಯಾರೋ ಡಬ್ಬಿಂಗ್ ಮಾಡಿದ ಹಾಗೆ ಕೇಳಿಸುತ್ತದೆ. "ನೀನು" ತಪ್ಪು ಅಂತಲ್ಲ. ಆದರೆ ಅದನ್ನು ಆರಿಸಿಕೊಂಡಿರಬೇಕು, ಅಭ್ಯಾಸದಿಂದ ಬಂದಿರಬಾರದು.

ಒಂದೇ ಸಾಲನ್ನು ಮೂರು ಥರ ಬರೆದು ನೋಡಿ. "ನೀನು ತಡವಾಗಿ ಬಂದೆ." "ನೀವು ತಡವಾಗಿ ಬಂದಿರಿ." "ಇವರು ತಡವಾಗಿ ಬಂದರು." ಮೊದಲನೆಯದರಲ್ಲಿ ಇಬ್ಬರೂ ಒಂದೇ ಎತ್ತರ. ಎರಡನೆಯದರಲ್ಲಿ ಮರ್ಯಾದೆ ಇದೆ, ಅದರೊಳಗೆ ಒಂದು ಚುಚ್ಚೂ ಇರಬಹುದು. ಮೂರನೆಯದನ್ನು ನೀವು ಅವರಿಗೆ ಹೇಳುತ್ತಿಲ್ಲ, ಅಕ್ಕನಿಗೋ ಗೆಳತಿಗೋ ಹೇಳುತ್ತಿದ್ದೀರಿ. ಬರೀ ಸರ್ವನಾಮ ಬದಲಾಯಿಸಿದ್ದಕ್ಕೆ ಸಂಬಂಧವೇ ಬದಲಾಯಿತು ನೋಡಿ.

ಇನ್ನೊಂದು ಅನುಕೂಲ ಇದೆ. ಕನ್ನಡದಲ್ಲಿ "ನಾನು ಬಂದೆ", "ನೀನು ಬಂದೆ" ಅಂದರೆ ಹೇಳುವವರಾಗಲಿ ಹೇಳಿಸಿಕೊಳ್ಳುವವರಾಗಲಿ ಗಂಡೋ ಹೆಣ್ಣೋ ಗೊತ್ತಾಗುವುದಿಲ್ಲ. "ಬಂದ", "ಬಂದಳು" ಅಂದಾಗಲೇ ಗುಟ್ಟು ರಟ್ಟಾಗುವುದು. ನಮ್ಮ ಗುಂಪಿಗೆ ಕೆಲವು ತಿಂಗಳು ಬಂದ ಒಬ್ಬ ಹುಡುಗಿ ಹನ್ನೆರಡು ಕವಿತೆ ಬರೆದಳು. ಒಂದರಲ್ಲೂ "ಅವನು" ಇರಲಿಲ್ಲ, "ಅವಳು" ಕೂಡ ಇರಲಿಲ್ಲ, ಎಲ್ಲ ಕಡೆ "ನೀನು". ನಾವು ಕೇಳಲಿಲ್ಲ. ವ್ಯಾಕರಣ ಅವಳಿಗೆ ಆಸರೆ ಕೊಟ್ಟಿತ್ತು.

ಓದುವುದು ಹೇಗೆ

ತುಂಬಾ ಓದಿ ಅಂತ ಹೇಳುವುದಿಲ್ಲ. ಓದುವಾಗ "ಇಲ್ಲಿ ಮಾತಾಡುತ್ತಿರುವುದು ಯಾರು, ಸುಮ್ಮನಿರುವುದು ಯಾರು" ಅಂತ ಕೇಳಿಕೊಳ್ಳಿ. 1942ರ ಮೈಸೂರು ಮಲ್ಲಿಗೆಯನ್ನು ನಾನು ಇವತ್ತಿಗೂ ಇಷ್ಟಪಟ್ಟು ಓದುತ್ತೇನೆ. ಮನೆಯೊಳಗಿನ ದಾಂಪತ್ಯವನ್ನು ಅಷ್ಟು ಮೆತ್ತಗೆ ಹಾಡಿದ ಇನ್ನೊಂದು ಪುಸ್ತಕ ಸಿಗುವುದು ಕಷ್ಟ. ಆದರೆ ಅಲ್ಲಿ ಜಾಸ್ತಿ ಮಾತು ಗಂಡನದು. ನಮ್ಮ ಬೇಂದ್ರೆಯವರ "ನೀ ಹೀಂಗ ನೋಡಬ್ಯಾಡ ನನ್ನ" ತೆಗೆದುಕೊಳ್ಳಿ. ಮಗು ಕಳೆದುಕೊಂಡ ಹೆಂಡತಿ ನೋಡುತ್ತಾಳೆ, ಮಾತೆಲ್ಲ ಗಂಡನದು. ಆ ಕವಿತೆಯ ಶಕ್ತಿಯೇ ಅದು, ತಕರಾರಿಲ್ಲ. ಆದರೂ ನಮ್ಮ ಗುಂಪಿನಲ್ಲಿ ಒಂದು ಶನಿವಾರ ಇದನ್ನೇ ಅಭ್ಯಾಸಕ್ಕೆ ಇಟ್ಟಿದ್ದೆ: ನೋಡುತ್ತಿರುವವಳ ಕಡೆಯಿಂದ ನಾಲ್ಕು ಸಾಲು ಬರೆಯಿರಿ. ಆ ದಿನ ಚಹಾ ತಣ್ಣಗಾಯಿತು, ಯಾರೂ ಮುಟ್ಟಲಿಲ್ಲ.

12ನೇ ಶತಮಾನದ ಅಕ್ಕಮಹಾದೇವಿಯನ್ನು ಭಕ್ತಿ ಅಂತ ಪಕ್ಕಕ್ಕಿಡಬೇಡಿ. ಅವಳು ತನ್ನ ಗಂಡನನ್ನು ಹೆಸರು ಹಿಡಿದೇ ಕರೆಯುತ್ತಾಳೆ. ಚೆನ್ನಮಲ್ಲಿಕಾರ್ಜುನಾ ಅಂತ ವಚನ ವಚನಕ್ಕೂ ಕರೆಯುತ್ತಾಳೆ. ಒಡಪಿನ ಹಂಗೇ ಇಲ್ಲ! ಇತ್ತೀಚಿನವರಲ್ಲಿ 80ರ ದಶಕದಲ್ಲಿ "ನಾವು ಹುಡುಗಿಯರೇ ಹೀಗೆ" ಅಂದ ಪ್ರತಿಭಾ ನಂದಕುಮಾರ್ ಅವರನ್ನು ಓದಿ. ಎದುರಿಗೆ ಕೂತು ಮಾತಾಡಿದ ಹಾಗೆ ಬರೆಯುವುದು ಹೇಗೆ ಅಂತ ಅಲ್ಲಿ ಕಾಣುತ್ತದೆ. ವೈದೇಹಿ ಅವರನ್ನು ಓದಿದರೆ ಅಡುಗೆಮನೆಯ ಸಾಮಾನಿಗೆ ಕವಿತೆಯೊಳಗೆ ಬರಲು ಯಾರ ಅಪ್ಪಣೆಯೂ ಬೇಡ ಅಂತ ಗೊತ್ತಾಗುತ್ತದೆ.

ನನ್ನದೇ ಕವಿತೆ, ಮೂರು ಸಲ

ಡಬ್ಬಿಯ ಕವಿತೆ ಮೊದಲು ಹೀಗಿತ್ತು. ನಾಚಿಕೆ ಬಿಟ್ಟು ತೋರಿಸುತ್ತೇನೆ.

ನಿನ್ನ ವಿರಹದಿ ಬೆಂದಿದೆ ಹೃದಯ
ಚಂದಿರನಿಲ್ಲದ ಬಾನಿನ ಹಾಗೆ
ಎಂದು ಬರುವೆಯೋ ಓ ನನ್ನ ಇನಿಯ

ಪಕ್ಕದ ಮನೆಯವರನ್ನು ಕೂರಿಸಿ ನೋಡಿದೆ. ಅವರು ಆರಾಮಾಗಿ ಕೂತರು. ಅವರಿಗೆ ಅರವತ್ತೆಂಟು ವರ್ಷ. ಹರಿದು ಹಾಕಿದೆ. ಎರಡನೇ ಸಲ ಪಟ್ಟಿ ಮುಂದಿಟ್ಟುಕೊಂಡು ಬರೆದೆ:

ಶನಿವಾರ ರಾತ್ರಿ ಹನ್ನೊಂದಕ್ಕೆ ಬಂದಿರಿ
ಬುತ್ತಿ ಡಬ್ಬಿ ತೊಳೆದೇ ತಂದಿದ್ದಿರಿ
ಮುಚ್ಚಳ ಮೂಸಿದೆ
ಯಾವುದೋ ಊರಿನ ಲಾಡ್ಜಿನ
ಮೈಸೋಪಿನ ವಾಸನೆ
ನಿಮ್ಮ ಪ್ರೀತಿ ನನಗೆ ಅರ್ಥವಾಯಿತು

ಕೊನೆಯ ಸಾಲು ಬಿಟ್ಟರೆ ಇದು ಪರವಾಗಿಲ್ಲ. ಆ ಸಾಲು ಓದುವವರ ಕೈಯಿಂದ ಡಬ್ಬಿ ಕಸಿದುಕೊಳ್ಳುತ್ತದೆ. ಅರ್ಥವಾಯಿತು ಅಂತ ನಾನೇ ಹೇಳಿಬಿಟ್ಟರೆ ಅವರಿಗೇನು ಕೆಲಸ? ಅದನ್ನು ಹೊಡೆದು ಹಾಕಿ ಹೀಗೆ ಮಾಡಿದೆ:

ಸೋಮವಾರ ಮತ್ತೆ ಬುತ್ತಿ ಕಟ್ಟಿದೆ
ಶೇಂಗಾ ಚಟ್ನಿಗೂ ಅದೇ ವಾಸನೆ.
ಹೇಳಲಿಲ್ಲ.

ಸಾಲು ಎಲ್ಲಿ ಮುರಿಯಬೇಕು ಅಂತ ತುಂಬಾ ಜನ ಕೇಳುತ್ತಾರೆ. "ಮುಚ್ಚಳ ಮೂಸಿದೆ" ಒಂದೇ ಸಾಲಾಗಿ ನಿಂತಿರುವುದು ಸುಮ್ಮನೆ ಅಲ್ಲ. ವಾರಗಟ್ಟಲೆ ಊರೂರು ತಿರುಗುವ ಗಂಡನ ಡಬ್ಬಿಯನ್ನು ಹೆಂಡತಿ ಮೂಸಿದಳು ಅಂದರೆ ಓದುವವರ ಎದೆ ಒಂದು ಕ್ಷಣ ಧಸಕ್ ಅನ್ನಬೇಕು. "ಯಾವುದೋ ಊರಿನ ಲಾಡ್ಜಿನ" ಅಂದಾಗ ಇನ್ನೂ ಸ್ವಲ್ಪ. ಮುಂದಿನ ಸಾಲಿನಲ್ಲಿ ಗೊತ್ತಾಗುವುದು ಇಷ್ಟೇ: ಈ ಮನುಷ್ಯ ಬಚ್ಚಲಲ್ಲಿ ನಿಂತು ಮೈಗೆ ಹಚ್ಚುವ ಸೋಪಿನಿಂದ ಡಬ್ಬಿ ತೊಳೆದಿದ್ದಾನೆ. ಅನುಮಾನ, ಪ್ರೀತಿ ಎರಡೂ ಒಂದೇ ವಾಸನೆಯಲ್ಲಿವೆ. ಈ ಮೂರೂ ಸಾಲನ್ನು ಒಂದೇ ಉದ್ದದ ವಾಕ್ಯ ಮಾಡಿ ಬರೆದಿದ್ದರೆ ಅದು ಸಿಗುತ್ತಿರಲಿಲ್ಲ.

ಸಾಲು ಮುರಿಯುವುದು ಗೊತ್ತಾಗದಿದ್ದರೆ ಕೆಲಸ ಮಾಡುತ್ತಾ ಜೋರಾಗಿ ಹೇಳಿ ನೋಡಿ. ನಾನು ರೊಟ್ಟಿ ಬಡಿಯುವಾಗ ಹೇಳಿಕೊಳ್ಳುತ್ತೇನೆ. ಉಸಿರು ಎಲ್ಲಿ ನಿಲ್ಲುತ್ತದೋ ಅಲ್ಲಿ.

ಗಜಲ್ ಕೂಡ ಪ್ರಯತ್ನಿಸಿದೆ. ರಾಯಚೂರಿನ ಶಾಂತರಸರು, ಅವರ ಮಗಳು ಎಚ್.ಎಸ್. ಮುಕ್ತಾಯಕ್ಕ ಬರೆದ ಕನ್ನಡ ಗಜಲ್ ಓದಿ ಆಸೆ ಹುಟ್ಟಿತ್ತು. ಕಟ್ಟುವ ಕ್ರಮ ಸ್ಥೂಲವಾಗಿ ಹೀಗೆ: ಎರಡೆರಡು ಸಾಲಿನ ಶೇರ್‌ಗಳು. ಮೊದಲ ಶೇರ್‌ನಲ್ಲಿ ಎರಡೂ ಸಾಲಿನ ಕೊನೆಗೆ, ಆಮೇಲಿನವುಗಳಲ್ಲಿ ಎರಡನೇ ಸಾಲಿನ ಕೊನೆಗೆ ಒಂದೇ ಪದ ಬರಬೇಕು, ಅದು ರದೀಫ್. ಅದರ ಹಿಂದಿನ ಪದ ಪ್ರಾಸವಾಗಿರಬೇಕು, ಅದು ಕಾಫಿಯಾ. ನಾನು ಬರೆದದ್ದು:

ಡಬ್ಬಿಯ ಮುಚ್ಚಳ ಮೂಸಿ ನೋಡಿದೆ, ನಿಮಗೆ ಹೇಳಲಿಲ್ಲ
ಬಾಗಿಲ ಸಂದಿಗೆ ಕಣ್ಣನು ಇಟ್ಟೆ, ಮನೆಗೆ ಹೇಳಲಿಲ್ಲ

ಕೇಳಲು ಚೆನ್ನಾಗಿದೆ. ಆದರೆ ಬಾಗಿಲ ಸಂದಿಗೆ ನಾನು ಯಾವತ್ತೂ ಕಣ್ಣಿಟ್ಟಿಲ್ಲ. ಒಂಬತ್ತೂವರೆಗೆ ಮಲಗುತ್ತೇನೆ, ಅವರ ಹತ್ತಿರ ಇನ್ನೊಂದು ಚಾವಿ ಇದೆ. ಪ್ರಾಸಕ್ಕಾಗಿ ಸುಳ್ಳು ಹೇಳಿದ್ದೆ. ಬಿಟ್ಟೆ. ನಿಮಗೆ ಒಗ್ಗಿದರೆ ಬರೆಯಿರಿ, ಒಳ್ಳೆಯ ರೂಪ ಅದು.

ಜಗಳದ ಕವಿತೆ

ಸಿಟ್ಟು ಬಂದ ದಿನ ಬರೆದದ್ದನ್ನು ಅವತ್ತೇ ಯಾರಿಗೂ ಕಳಿಸಬೇಡಿ. ನೀವು ಪೂರ್ತಿ ಸರಿ, ಅವನು ಪೂರ್ತಿ ತಪ್ಪು ಅಂತಿರುವ ಬರಹ ತಕರಾರು ಅರ್ಜಿ. ಅದರಲ್ಲಿ ನಿಮ್ಮದೂ ಒಂದು ತಪ್ಪು ಸೇರಿಸಿ ನೋಡಿ. ನಾನು ಒಮ್ಮೆ ಅವರ ಫೋನ್ ತೆಗೆದು ನೋಡಿದ್ದೆ. ಏನೂ ಸಿಗಲಿಲ್ಲ, ಸಿಗಲಿಲ್ಲ ಅಂತ ಸ್ವಲ್ಪ ನಿರಾಸೆ ಆಯಿತು. ಆ ನಿರಾಸೆಯನ್ನು ಬರೆದ ಮೇಲೆಯೇ ಆ ಕವಿತೆ ನಿಂತದ್ದು. ಹೊಡೆತ, ಬೆದರಿಕೆ ಇರುವ ಸಂಬಂಧಕ್ಕೆ ಈ ಮಾತು ಹೊಂದುವುದಿಲ್ಲ. ಅಲ್ಲಿ ನಿಮ್ಮ ತಪ್ಪು ಹುಡುಕುತ್ತಾ ಕೂರಬೇಡಿ.

ಓದಿದ ಮೇಲೆ ಬರುವ ಪ್ರಶ್ನೆ

ಒಂದು ಕವಿಗೋಷ್ಠಿಯಲ್ಲಿ ಡಬ್ಬಿಯ ಕವಿತೆ ಓದಿದೆ. ನನಗೆ ಕೊಟ್ಟದ್ದು ಮೂರು ನಿಮಿಷ, ನನ್ನ ಪರಿಚಯಕ್ಕೆ ನಿರೂಪಕರು ತೆಗೆದುಕೊಂಡದ್ದು ಎರಡು. ಊಟದ ಹೊತ್ತಿಗೆ ಹಿರಿಯರೊಬ್ಬರು ಹತ್ತಿರ ಬಂದು ಮೆತ್ತಗೆ ಕೇಳಿದರು: "ಮನ್ಯಾಗ ಎಲ್ಲಾ ಆರಾಮ ಅದ ಅಲ್ರಿ, ತಂಗಿ?"

ಗಂಡಸು ವಿರಹ ಬರೆದರೆ ಅದು ಕಾವ್ಯ, ನಾವು ಬರೆದರೆ ಮನೆಯ ಸುದ್ದಿ. ಇದಕ್ಕೆ ತಯಾರಾಗಿರಿ. "ಕವಿತೆಯೊಳಗಿನ 'ನಾನು' ಬೇರೆ, ಇಲ್ಲಿ ಊಟಕ್ಕೆ ನಿಂತವಳು ಬೇರೆ" ಅಂತ ಒಂದು ಉತ್ತರ ಇಟ್ಟುಕೊಂಡಿರಿ. ಪೂರ್ತಿ ನಿಜ ಅಲ್ಲದಿದ್ದರೂ ನಡೆಯುತ್ತದೆ. ಊರು, ಕೆಲಸ, ಮಕ್ಕಳ ಸಂಖ್ಯೆ ಬದಲಿಸಬಹುದು. ವಾಸನೆ ಬದಲಿಸಬೇಡಿ. ಇನ್ನೊಬ್ಬರ ಗುಟ್ಟಿದ್ದರೆ ಅವರನ್ನು ಕೇಳದೆ ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಅತ್ತೆಯ ಊರಿನವರು ಒಬ್ಬರಾದರೂ ಆ ಗುಂಪಿನಲ್ಲಿ ಇದ್ದೇ ಇರುತ್ತಾರೆ.

ನಮ್ಮ ಮನೆಯವರಿಗೆ ಈ ಕವಿತೆ ತೋರಿಸಲು ನನಗೆ ನಾಲ್ಕು ತಿಂಗಳು ಬೇಕಾಯಿತು. ಒಂದು ಭಾನುವಾರ ನೋಟ್‌ಬುಕ್ ಅವರ ಮುಂದಿಟ್ಟೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಹೊಗಳಲಿಲ್ಲ, ಬೈಯಲಿಲ್ಲ.

"ಲಾಡ್ಜಿನ್ಯಾಗ ಸೋಪ ಎಲ್ಲಿ ಕೊಡ್ತಾರ?" ಅಂದರು. "ಬಸ್‌ಸ್ಟ್ಯಾಂಡಿನ್ಯಾಗ ಹತ್ತು ರೂಪಾಯಿದು ತೊಗೊಂಡಿದ್ದೆ. ಡಬ್ಬಿ ತೊಳೀಲಿಕ್ಕೆ."

ಆ ಸಾಲಿನ ಪಕ್ಕ ಈಗ ಪೆನ್ಸಿಲ್ಲಿನಲ್ಲಿ ಒಂದು ಪ್ರಶ್ನೆ ಗುರುತು ಇದೆ. "ಲಾಡ್ಜಿನ" ಇರಲೋ, "ಬಸ್‌ಸ್ಟ್ಯಾಂಡಿನ" ಅಂತ ಮಾಡಲೋ, ಇನ್ನೂ ತೀರ್ಮಾನ ಆಗಿಲ್ಲ.